ಕಾಡುಬೆಕ್ಕು ಒಯ್ದ ಹೇಂಟೆಯ ನಂತರ ಹಿಂಡಿಗೆ ಹೊಸ ಕೋಳಿಗಳನ್ನು ಸೇರಿಸುವುದು

ಜಮಖಂಡಿ ಸೀಮೆಯಲ್ಲಿ ಕಬ್ಬಿನ ಕಟಾವು ಆರಂಭವಾಯಿತೆಂದರೆ, ಹೊಲದಲ್ಲಿಯೇ ಮನೆ ಮಾಡಿಕೊಂಡಿರುವ ನಮ್ಮಂಥವರು ಕೋಳಿಗಳ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಆಳೆತ್ತರದ ಕಬ್ಬಿನೊಳಗೆ ಇಲಿ, ಹೆಗ್ಗಣ ಹಿಡಿದು ತಿನ್ನುತ್ತ ಮರೆಯಲ್ಲಿದ್ದ ಕಾಡುಬೆಕ್ಕು, ನರಿ, ಮುಂಗುಸಿಗಳಿಗೆ ಕಟಾವಿನ ಗ್ಯಾಂಗಿನವರು ಕಬ್ಬಿನ ಪಡ ಕಡಿದು ಬಯಲು ಮಾಡಿದೊಡನೆ ಆಸರೆ ತಪ್ಪುತ್ತದೆ. ಅವು ಬದುವಿನಗುಂಟ ಹಿತ್ತಲಿನವರೆಗೂ ಬರುತ್ತವೆ. ನಮ್ಮ ಜವಾರಿ ಹಿಂಡಿನ ಹಿರಿಯ ಹೇಂಟೆಯನ್ನು ಈ ಸಲ ಕಾಡುಬೆಕ್ಕು ಒಯ್ದದ್ದು ಹೀಗೆಯೇ.

ಇಂಥ ಹೊತ್ತಿನಲ್ಲಿ ನಮ್ಮ ಕಡೆಯ ರೂಢಿಯೆಂದರೆ, ಮುಂದಿನ ಸಂತೆಯಲ್ಲಿ ಒಂದು ಕೋಳಿ ಕೊಂಡು ತಂದು, ಅದೇ ಸಂಜೆ ಗೂಡಿಗೆ ಬಿಡುವುದು. ಈ ರೂಢಿಯನ್ನು ನಾವು ಬಿಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೇಟೆಗಾರ ಪ್ರಾಣಿ ಒಯ್ಯುವುದು ಒಂದೋ ಎರಡೋ ಕೋಳಿಯನ್ನು. ಸಂತೆಯಿಂದ ಬಂದ ರೋಗ ಇಡೀ ಹಿಂಡನ್ನೇ ಒಯ್ಯಬಲ್ಲದು.

ಆದರೆ ಕೋಳಿ ತರುವುದಕ್ಕಿಂತ ಮೊದಲು ಗೂಡು ಭದ್ರವಾಗಬೇಕು, ಏಕೆಂದರೆ ಒಮ್ಮೆ ಬೇಟೆ ಸಿಕ್ಕ ಜಾಗಕ್ಕೆ ಆ ಪ್ರಾಣಿ ಮತ್ತೆ ಬರುತ್ತದೆ. ಬಂದದ್ದು ಯಾವುದೆಂದು ಉಳಿದ ಗುರುತುಗಳಿಂದ ಬಹುಮಟ್ಟಿಗೆ ಊಹಿಸಬಹುದು. ಒಂದಿಷ್ಟು ಪುಕ್ಕ ಬಿಟ್ಟು ಕೋಳಿ ಇಡಿಯಾಗಿ ಮಾಯವಾಗಿದ್ದರೆ ಕಾಡುಬೆಕ್ಕು ಅಥವಾ ನರಿ. ಕುತ್ತಿಗೆ ಕಚ್ಚಿಸಿಕೊಂಡ ಕೋಳಿ ಗೂಡಿನೊಳಗೇ ಬಿದ್ದಿದ್ದರೆ ಮುಂಗುಸಿಯ ಮೇಲೆ ಸಂಶಯಪಡಬೇಕು. ಮುಂಗುಸಿ ಹಗಲಿನಲ್ಲಿ ಓಡಾಡುವ ಪ್ರಾಣಿಯಾದ್ದರಿಂದ ರಾತ್ರಿ ಬಾಗಿಲು ಹಾಕಿದರೆ ಸಾಕೆಂಬ ಭರವಸೆ ಅದರ ಮುಂದೆ ನಡೆಯುವುದಿಲ್ಲ. ನಾವು ಗೂಡಿನ ಅಗಲ ಕಣ್ಣಿನ ಬಲೆಯನ್ನು ತೆಗೆದು ಅರ್ಧ ಇಂಚಿನ ಕಣ್ಣಿನ ಬೆಸುಗೆಯ ಜಾಲರಿ ಹಾಕಿದೆವು. ಕೆಳಗೆ ಕೆದರಿ ನುಗ್ಗದಂತೆ ಅದನ್ನು ಒಂದು ಅಡಿ ನೆಲದೊಳಗೆ ಹೂಳಿದೆವು. ಕೆಲವರು ಮಾಂಸದಲ್ಲಿ ವಿಷ ಬೆರೆಸಿ ಇಡುವಂತೆ ಹೇಳಿದರು. ಈ ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದಿಲ್ಲದಿದ್ದರೂ, ವರ್ಷವಿಡೀ ನಮ್ಮ ಹೊಲದ ಇಲಿ ತಿನ್ನುವ ಜೀವವನ್ನು ವಿಷವಿಟ್ಟು ಕೊಲ್ಲುವುದು ನನಗೆ ಸರಿಯೆನಿಸುವುದಿಲ್ಲ.

ಎಷ್ಟು ಕೋಳಿ ತರಬೇಕೆಂಬ ಮಾತು ಬಂದಾಗ ನಮ್ಮ ಅತ್ತೆಯವರು, "ಒಂಟಿ ಕೋಳಿ ತರಬ್ಯಾಡವ್ವಾ, ಎಲ್ಲಾ ಕೂಡಿ ಕುಕ್ಕಿ ಹಾಕ್ತಾವ. ತಂದ್ರ ಜೋಡಿ ತಾ" ಎಂದರು. ಅವರ ಮಾತು ಪೂರ್ತಿ ಸರಿ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರು ಮೊದಲು ಕಾಳಿಗೆ ಬಾಯಿ ಹಾಕಬಹುದು ಎಂಬ ಮೇಲು-ಕೀಳಿನ ಸಾಲು ಇರುತ್ತದೆಂಬುದನ್ನು ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬ ವಿಜ್ಞಾನಿ 1921ರಲ್ಲಿಯೇ ಬರೆದು ತೋರಿಸಿದ್ದರು. ಹಿರಿಯ ಹೇಂಟೆ ಹೋದಾಗ ಉಳಿದವುಗಳ ನಡುವೆ ಆ ಸಾಲು ಹೊಸದಾಗಿ ನಿಶ್ಚಯವಾಗಬೇಕು, ಅದಕ್ಕಾಗಿ ಅವು ಕೆಲವು ದಿನ ಕಚ್ಚಾಡುತ್ತವೆ, ತತ್ತಿಯೂ ಕಡಿಮೆಯಾಗುತ್ತದೆ. ಅಂಥ ಗದ್ದಲದ ನಡುವೆ ಒಂಟಿ ಹೊಸಬಳು ಬಂದರೆ ಎಲ್ಲರ ಕೊಕ್ಕೂ ಅವಳ ಮೇಲೆಯೇ.

ಹೊಸದಾಗಿ ತಂದ ಕೋಳಿಗಳನ್ನು ಮೂರರಿಂದ ನಾಲ್ಕು ವಾರ ಬೇರೆಯಾಗಿ, ಹಳೆಯ ಗೂಡಿನಿಂದ ದೂರದಲ್ಲಿ ಇಡಬೇಕು. ನಾವು ದನದ ಕೊಟ್ಟಿಗೆಯ ಆಚೆ ಇಟ್ಟೆವು. ಮೊದಲು ಹಳೆಯ ಕೋಳಿಗಳಿಗೆ ಕಾಳು-ನೀರು, ಆಮೇಲೆ ಹೊಸವಕ್ಕೆ. ಪಾತ್ರೆ ಬೇರೆ, ಚಪ್ಪಲಿ ಕೂಡ ಬೇರೆ. ಕೋಳಿಗಳಲ್ಲಿ ಬೇಗ ಹರಡಿ ಕೊಲ್ಲುವ ರಾಣಿಖೇತ್ ರೋಗದ ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 2ರಿಂದ 15 ದಿನಗಳೊಳಗೆ ಲಕ್ಷಣಗಳು ತೋರುತ್ತವೆ, ಆದ್ದರಿಂದ ಸಂತೆಯಲ್ಲಿ ಲವಲವಿಕೆಯಿಂದಿದ್ದ ಕೋಳಿ ಒಳಗೆ ರೋಗ ಹೊತ್ತಿರಬಹುದು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚಿಕೊಳ್ಳುವುದು ಕಂಡರೆ ಅದು ಹಿಂಡಿನ ಹತ್ತಿರ ಸುಳಿಯಬಾರದು. ದಿನವೂ ರೆಕ್ಕೆಯ ಅಡಿಯನ್ನು ಬಿಡಿಸಿ ಹೇನು ನೋಡಬೇಕು, ಮೂಗಿನ ಹೊಳ್ಳೆ ಒದ್ದೆಯಾಗಿದೆಯೇ ಎಂದು ನೋಡಬೇಕು. ಎಂಟು ವಾರ ದಾಟಿದ ಕೋಳಿಗೆ ರಾಣಿಖೇತ್ ತಡೆಯಲು ಕೊಡುವ ಆರ್‌2ಬಿ ಲಸಿಕೆಯನ್ನು ಈ ಅವಧಿಯಲ್ಲಿಯೇ ಹಾಕಿಸಿದರೆ ಒಳ್ಳೆಯದು. ಆ ಲಸಿಕೆಯ ಒಂದು ಬಾಟಲಿ ನೂರಾರು ಕೋಳಿಗಳಿಗಾಗುತ್ತದೆ, ಒಮ್ಮೆ ಕಲಸಿದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ಹೊಲದವರೆಲ್ಲ ಕೂಡಿ ಒಂದೇ ದಿನ ಹಾಕಿಸುವುದು ಉಚಿತ.

ಇದಾದ ಮೇಲೆ ಜಾಲರಿಯ ಹಂತ. ಗೂಡಿನ ಅಂಗಳದಲ್ಲಿಯೇ ಒಂದು ಮೂಲೆಯನ್ನು ಜಾಲರಿಯಿಂದ ಬೇರ್ಪಡಿಸಿ ಹೊಸವನ್ನು ಅಲ್ಲಿ ಬಿಟ್ಟೆವು, ಜೋಳದ ನುಚ್ಚನ್ನು ಜಾಲರಿಯ ಎರಡೂ ಬದಿಗೆ ಚೆಲ್ಲಿದೆವು. ಹಿಂಡಿನ ಈಗಿನ ಯಜಮಾನಿ, ಕಂದು ಹೇಂಟೆ, ಕತ್ತಿನ ಪುಕ್ಕಗಳನ್ನೆಲ್ಲ ಕೆದರಿಕೊಂಡು ಜಾಲರಿಯುದ್ದಕ್ಕೂ ಅಡ್ಡಾಡಿತು. ಒಳಗಿನವು ಗೋಡೆಗೆ ಒತ್ತಿ ನಿಂತವು. ದಿನ ಕಳೆದಂತೆ ಎರಡೂ ಕಡೆಯವು ಎದುರುಬದುರಾಗಿ ತಲೆ ಬಗ್ಗಿಸಿ ನುಚ್ಚು ಹೆಕ್ಕತೊಡಗಿದವು. ಜಾಲರಿ ತೆಗೆಯುವ ಸಮಯ ಬಂದಿದೆಯೆಂದು ನನಗೆ ತಿಳಿದದ್ದು ಅದರಿಂದ.

ರಾತ್ರಿ ಕತ್ತಲಲ್ಲಿ ಹೊಸ ಕೋಳಿಯನ್ನು ಅಡ್ಡಗೋಲಿನ ಮೇಲೆ ಕೂರಿಸಿದರೆ ಬೆಳಗಾಗುವುದರೊಳಗೆ ಹಳೆಯವು ಒಪ್ಪಿಕೊಳ್ಳುತ್ತವೆ ಎನ್ನುವವರಿದ್ದಾರೆ. ಕತ್ತಲಲ್ಲಿ ಕಣ್ಣು ಕಾಣದ ಕಾರಣ ಅವು ಸುಮ್ಮನಿರುತ್ತವೆ ಎಂಬುದು ನಿಜ, ಆದರೆ ಬೆಳಕು ಹರಿದ ಕೂಡಲೇ ಪರಕೀಯರನ್ನು ಗುರುತಿಸುತ್ತವೆ. ಹಗಲಿನಲ್ಲಿ, ಎಲ್ಲವೂ ಹಿತ್ತಲಿನಲ್ಲಿ ಮೇಯುವಾಗ, ಓಡಿಹೋಗಲು ಜಾಗವಿರುವಾಗ ಬೆರೆಸುವುದೇ ಮೇಲು. ಕಾಳಿನ ಪಾತ್ರೆ, ನೀರಿನ ತಟ್ಟೆಗಳನ್ನು ಹೆಚ್ಚಿಸಿ ದೂರದೂರ ಇಡಬೇಕು. ಬಡವಾದದ್ದು ಅವಿತುಕೊಳ್ಳಲು ಒಂದೆರಡು ಬುಟ್ಟಿಗಳನ್ನು ಓರೆಯಾಗಿ ನಿಲ್ಲಿಸಬೇಕು. ಗಿರಿರಾಜನಂಥ ಭಾರದ ತಳಿಯನ್ನು ಜವಾರಿಯೊಡನೆ ಬೆರೆಸುವವರು ಅಡ್ಡಗೋಲನ್ನು ತಗ್ಗಿನಲ್ಲಿಯೂ ಒಂದು ಕಟ್ಟಬೇಕು, ಅವಕ್ಕೆ ಜವಾರಿಯಷ್ಟು ಮೇಲೆ ಹಾರಲಾಗದು.

ಸಣ್ಣಪುಟ್ಟ ಕುಕ್ಕಾಟಕ್ಕೆ ನಾವು ನಡುವೆ ಹೋಗಬಾರದು. ರಕ್ತ ಕಂಡರೆ ಮಾತ್ರ ತಡಮಾಡದೆ ಗಾಯಗೊಂಡದ್ದನ್ನು ಬೇರೆ ಮಾಡಿ ಗಾಯವನ್ನು ತೊಳೆಯಬೇಕು, ಏಕೆಂದರೆ ಕೆಂಪು ಕಂಡಲ್ಲಿಯೇ ಉಳಿದವು ಮತ್ತೆ ಮತ್ತೆ ಕುಕ್ಕುತ್ತವೆ. ಒಂದೇ ಕೋಳಿ ಬೆನ್ನು ಬಿಡದೆ ಕಾಡುತ್ತಿದ್ದರೆ ಕಾಡುವುದನ್ನೇ ನಾಲ್ಕಾರು ದಿನ ಹೊರಗಿಡಬೇಕು; ಮರಳಿ ಬಂದಾಗ ಅದರ ಬಿರುಸು ತಗ್ಗಿರುತ್ತದೆ. ನಮ್ಮ ಕಂದು ಹೇಂಟೆಯನ್ನು ಹಾಗೆ ಹೊರಗಿಟ್ಟು ಮರಳಿ ಬಿಟ್ಟ ಮೇಲೆ ಹೊಸವೆರಡೂ ಪಾತ್ರೆಯ ಹತ್ತಿರ ಹೆದರಿಕೆಯಿಲ್ಲದೆ ಬರುತ್ತಿವೆ.