ಪೆರೆಗ್ರಿನ್ ನಿಜವಾಗಿಯೂ 389 ಕಿ.ಮೀ. ವೇಗದಲ್ಲಿ ಎರಗುತ್ತಾ?

ಕೊರಳಲ್ಲಿ ಬೈನಾಕ್ಯುಲರ್ ನೋಡಿದ ತಕ್ಷಣ ಜನ ನನ್ನನ್ನು ಕೇಳುವ ಪ್ರಶ್ನೆ ಇದು. ‘ಪೆರೆಗ್ರಿನ್ ಫಾಲ್ಕನ್ ಗಂಟೆಗೆ 389 ಕಿಲೋಮೀಟರ್ ವೇಗದಲ್ಲಿ ಎರಗುತ್ತಂತೆ, ನಿಜಾನಾ? ಅದನ್ನ ಅಳೆದಿದ್ದಾದ್ರೂ ಹೇಗೆ?’

ನಿಜ. ಆದರೆ ಬೇರೆ ಹಕ್ಕಿಗಳನ್ನು ಹಿಡಿದು ತಿನ್ನುವ ಈ ಗಿಡುಗಗಳಲ್ಲಿ ಆ ಅಂಕಿ ಒಂದೇ ಒಂದು ಹಕ್ಕಿಯದು. ಅದರ ಹೆಸರು ಫ್ರೈಟ್‌ಫುಲ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆನ್ ಫ್ರಾಂಕ್ಲಿನ್ ಸಾಕಿ ಪಳಗಿಸಿದ ಹೆಣ್ಣು. ಫ್ರಾಂಕ್ಲಿನ್‌ಗೆ ಗಿಡುಗ ಪಳಗಿಸುವುದೂ ಗೊತ್ತು, ವಿಮಾನ ಓಡಿಸುವುದೂ ಗೊತ್ತು, ಆಕಾಶದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವುದೂ ಗೊತ್ತು. ಈ ಮೂರೂ ಒಬ್ಬರಲ್ಲೇ ಸೇರದಿದ್ದರೆ ನಮಗೆ ಆ ಅಂಕಿ ಸಿಗುತ್ತಿರಲಿಲ್ಲ.

ಅವರು ಹಕ್ಕಿಯನ್ನು ಪುಟ್ಟ ವಿಮಾನದಲ್ಲಿ ಕೂರಿಸಿಕೊಂಡು ಸುಮಾರು 17,000 ಅಡಿ ಎತ್ತರಕ್ಕೆ ಹೋಗುತ್ತಿದ್ದರು. ಅಲ್ಲಿ ಅದನ್ನು ಹೊರಗೆ ಬಿಟ್ಟು, ಹಿಂದೆಯೇ ತಾವೂ ಜಿಗಿಯುತ್ತಿದ್ದರು. ಬೀಳುತ್ತಾ ಬೀಳುತ್ತಾ, ಬೇಟೆ ಅಂತ ಹಕ್ಕಿಗೆ ರೂಢಿ ಮಾಡಿಸಿದ್ದ ಭಾರದ ಗೊಂಬೆಯೊಂದನ್ನು ಕೆಳಗೆ ಬಿಡುತ್ತಿದ್ದರು. ಫ್ರೈಟ್‌ಫುಲ್ ರೆಕ್ಕೆ ಮುದುಡಿ ಅದರ ಬೆನ್ನು ಹತ್ತುತ್ತಿತ್ತು. ಸ್ಕೈಡೈವರ್‌ಗಳು ಬಳಸುವಂಥ, ಎತ್ತರವನ್ನು ದಾಖಲಿಸುವ ಪುಟ್ಟ ಉಪಕರಣವನ್ನು ಹಕ್ಕಿಗೇ ಕಟ್ಟಿದ್ದರು. 389 ಬಂದದ್ದು ಅದರಿಂದ. ಹೊಟ್ಟೆ ಕೆಳಗೆ ಮಾಡಿ ಬೀಳುವ ಮನುಷ್ಯ 200ರ ಆಸುಪಾಸು ಮುಟ್ಟುತ್ತಾನೆ. ಹಕ್ಕಿಯ ಜೊತೆಗಿರಲು ಫ್ರಾಂಕ್ಲಿನ್ ತಲೆ ಕೆಳಗಾಗಿ ಬೀಳಬೇಕಿತ್ತು. ಹಕ್ಕಿಯನ್ನು ಅರಿಯಲು ಅದರ ಪಕ್ಕದಲ್ಲೇ ಬಿದ್ದ ಮನುಷ್ಯ! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಹಾಗಾದರೆ ಕಾಡಿನ ಪೆರೆಗ್ರಿನ್ ಕಥೆ ಏನು? ಸ್ವೀಡನ್ನಿನ ಥಾಮಸ್ ಅಲೆರ್‌ಸ್ಟಾಮ್ ರೇಡಾರ್ ಹಿಡಿದು ಕಾದು ಅಳೆದರು. 1987ರಲ್ಲಿ ಅವರು ಪ್ರಕಟಿಸಿದ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 39 ಮೀಟರ್. ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಅಷ್ಟೇನಾ ಅನ್ನಿಸುತ್ತೆ ಅಲ್ವಾ?

ಕಾರಣ ಸರಳ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವ್ಯಾನ್ಸ್ ಟಕ್ಕರ್ 1998ರಲ್ಲಿ ಲೆಕ್ಕ ಹಾಕಿ ತೋರಿಸಿದ ಹಾಗೆ, ನೇರ ಕೆಳಗೆ ಬೀಳುವ ಫಾಲ್ಕನ್ ತನ್ನ ಗರಿಷ್ಠ ವೇಗದ ಹತ್ತಿರ ಬರಲು ಸುಮಾರು 1,200 ಮೀಟರ್ ಬೀಳಬೇಕು. ದಿನನಿತ್ಯದ ಬೇಟೆಯಲ್ಲಿ ಅಷ್ಟು ಆಳ ಎಲ್ಲಿ ಸಿಗುತ್ತದೆ? ಪಾರಿವಾಳ ಅದಕ್ಕಿಂತ ಎಷ್ಟೋ ಹತ್ತಿರದಲ್ಲಿರುತ್ತದೆ.

ಟಕ್ಕರ್ ಅವರ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕಣ್ಣಿನ ವಿಷಯ. ಫಾಲ್ಕನ್‌ಗೆ ದೂರದ್ದು ಅತ್ಯಂತ ಸ್ಪಷ್ಟವಾಗಿ ಕಾಣುವುದು ನೇರ ಮುಂದಕ್ಕಲ್ಲ, ಸುಮಾರು 45 ಡಿಗ್ರಿ ಪಕ್ಕಕ್ಕೆ. ಆ ವೇಗದಲ್ಲಿ ತಲೆ ಓರೆ ಮಾಡಿದರೆ ಗಾಳಿ ಎದುರು ತಳ್ಳುತ್ತದೆ, ವೇಗ ತಗ್ಗುತ್ತದೆ. ಅದಕ್ಕೇ ಅದು ತಲೆ ನೆಟ್ಟಗಿಟ್ಟು, ಒಂದೇ ಕಣ್ಣಲ್ಲಿ ಬೇಟೆಯನ್ನು ಹಿಡಿದಿಟ್ಟುಕೊಂಡು, ಬಾಗಿದ ದಾರಿಯಲ್ಲಿ ಬರುತ್ತದೆ. ದಾರಿ ಉದ್ದ, ಆದರೂ ಬೇಗ ತಲುಪುತ್ತದೆ.

ಇನ್ನು, ಅಷ್ಟು ವೇಗ ಬೇಕಾದರೂ ಯಾಕೆ? ಬೇಟೆ ತಿರುಗಿದರೆ ತಾನೂ ತಿರುಗೋಕೆ. 2018ರಲ್ಲಿ ರಾಬಿನ್ ಮಿಲ್ಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಪೆರೆಗ್ರಿನ್ನನ್ನು ಸ್ಟಾರ್ಲಿಂಗ್ ಹಕ್ಕಿಯ ಮೇಲೆ ಮತ್ತೆ ಮತ್ತೆ ಎರಗಿಸಿ ನೋಡಿದರು. ವೇಗ ಹೆಚ್ಚಾದಷ್ಟೂ ರೆಕ್ಕೆಗೆ ಗಾಳಿಯ ಬಲ ಹೆಚ್ಚು ಸಿಗುತ್ತದೆ, ತಿರುವು ಬಿರುಸಾಗುತ್ತದೆ. ಅತ್ತಿತ್ತ ಹೊರಳುವ ಹಕ್ಕಿಯನ್ನು ಹಿಡಿಯಲು ಎತ್ತರದಿಂದ ಎರಗುವುದೇ ಲಾಭ. ಆದರೆ ಗುರಿ ಚೂರು ತಪ್ಪಿದರೂ ಮುಗೀತು.

ತಪ್ಪಿದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡೆ, ನಂದಿಬೆಟ್ಟದಲ್ಲಿ. ಅದು ಶಾಹೀನ್, ಪೆರೆಗ್ರಿನ್‌ನದೇ ಉಪಜಾತಿ. ನಮ್ಮ ಬಂಡೆಬೆಟ್ಟಗಳಲ್ಲೇ ವರ್ಷವಿಡೀ ಇರುತ್ತದೆ. ಕಪ್ಪು ತಲೆ, ಕೆಂಗಂದು ಹೊಟ್ಟೆ. ಮೊದಲು ನಾಲ್ಕಾರು ಸಲ ಜೋರಾಗಿ ರೆಕ್ಕೆ ಬಡಿಯಿತು. ಆಮೇಲೆ ರೆಕ್ಕೆ ಒಳಕ್ಕೆ ಸೇರಿತು, ಭುಜ ಉಬ್ಬಿತು, ಹಕ್ಕಿ ನೀರಿನ ಹನಿಯ ಹಾಗಾಯಿತು. ಪಾರಿವಾಳ ಬಂಡೆಯ ಅಂಚಿಗೆ ಸರ್ರನೆ ಹೊರಳಿತು. ಬಟ್ಟೆ ಹರಿದ ಹಾಗೆ ಒಂದು ಸದ್ದು. ಶಾಹೀನ್ ಕಣಿವೆಯ ಮೇಲೆ ದೊಡ್ಡದೊಂದು ಬಾಗು ತೆಗೆದು ಏರಿ, ಬಂಡೆಯ ತುದಿಯಲ್ಲಿ ಕೂತು, ಮೈಗರಿ ಕೊಡವಿಕೊಂಡಿತು. ಐದು ನಿಮಿಷದಲ್ಲಿ ಮತ್ತೆ ಮೇಲಕ್ಕೆ ಹೊರಟಿತು.