ಪಿಯೆರೋಗಿಯನ್ನು ಎಣ್ಣೆಗೆ ಬಿಡುವ ಮೊದಲು

19 ಜುಲೈ 2025, ಶನಿವಾರ
ರಾಜಾಜಿನಗರ, ಬೆಂಗಳೂರು

ಪಿಯೆರೋಗಿ ಅನ್ನೋದು ಮೈದಾ ಕಣಕದೊಳಗೆ ಹೂರಣ ತುಂಬಿ ಮಡಚುವ ಪೋಲೆಂಡಿನ ಕಡುಬು. ಡೀಪ್ ಫ್ರೈಯರ್‌ನಲ್ಲಿ ಅದನ್ನು ಕರಿಯೋದು ಅಂದ್ರೆ ನೀರಿನ ಜೊತೆ ಗುದ್ದಾಟ. ಎಣ್ಣೆ ತನ್ನ ಪಾಡಿಗೆ ತಾನು ಕಾಯುತ್ತದೆ. ಮೇಲ್ಮೈಯಲ್ಲಿ, ಅಂಚಿನ ಸಂದಿಯಲ್ಲಿ, ಹೂರಣದೊಳಗೆ ಉಳಿದ ನೀರೇ ಎಲ್ಲ ರಗಳೆಗೂ ಮೂಲ. ಇವತ್ತು ಮಧ್ಯಾಹ್ನದಿಂದ ಸಂಜೆವರೆಗೆ ನಮ್ಮ ಅಡುಗೆಮನೆಯಲ್ಲಿ ಇದೇ ನಡೆಯಿತು.

ಮೈದುನ ಪೋಲೆಂಡಿನ ಕ್ರಾಕೋವ್‌ನಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದವನಿಗೆ ಬಿಸಿಬೇಳೆಬಾತ್, ಮಸಾಲೆದೋಸೆ ಎಲ್ಲ ತಿಂದು ಮುಗಿದ ಮೇಲೆ ಅಲ್ಲಿನ ಆಲೂಗಡ್ಡೆ ಪಿಯೆರೋಗಿ ನೆನಪಾಗಿದೆ. ನಮ್ಮ ಮನೆಯಲ್ಲಿ ಇವರು ಆಫರ್‌ನಲ್ಲಿ ತಂದಿಟ್ಟ ಫ್ರೈಯರ್ ಇದೆ, ಮಗಳಿಗೆ ಆಗೀಗ ಫ್ರೆಂಚ್ ಫ್ರೈಸ್ ಮಾಡೋದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಇದರಲ್ಲೇ ಕರಿಯೋಣ ಅಂದೆ.

"ಅತ್ತಿಗೆ, ಅಲ್ಲಿ ಯಾರೂ ಇದನ್ನ ಎಣ್ಣೇಲಿ ಮುಳುಗಿಸಲ್ಲ. ನೀರಲ್ಲಿ ಬೇಯಿಸ್ತಾರೆ. ಮಿಕ್ಕಿದ್ದನ್ನ ಮಾರನೇ ದಿನ ಬೆಣ್ಣೇಲಿ ಹುರೀತಾರೆ, ಅಷ್ಟೇ" ಅಂದ.

ಅವನು ಹೇಳಿದ್ದು ಸರಿಯೇ. ಪೂರ್ತಿ ಎಣ್ಣೆಯಲ್ಲಿ ಕರಿಯುವ ರೂಢಿ ಜಾಸ್ತಿ ಇರೋದು ಅಮೆರಿಕದಲ್ಲಿ. ಪೂರ್ವ ಯುರೋಪಿನಿಂದ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಿಗೆ, ಉಕ್ಕಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋದವರ ಜೊತೆ ಈ ತಿಂಡಿಯೂ ಹೋಯಿತು. ಅದೇ ರಾಜ್ಯದ ಶೆನಾಂಡೋವಾ ಎಂಬ ಗಣಿ ಊರಿನಲ್ಲಿ 1952ರಲ್ಲಿ ಶುರುವಾದ ಮಿಸೆಸ್ ಟೀಸ್ ಕಂಪನಿ ಇದನ್ನು ಫ್ರೋಜನ್ ಪ್ಯಾಕೆಟ್ ಮಾಡಿ ಮಾರಿತು. ಫ್ರೀಜರ್‌ನಿಂದ ತೆಗೆದು ಸೀದಾ ಎಣ್ಣೆಗೆ ಹಾಕುವ ಅಭ್ಯಾಸ ಹೋಟೆಲು, ಬಾರುಗಳಲ್ಲಿ ಬೇರೂರಿದೆ. ಪಿಟ್ಸ್‌ಬರ್ಗ್‌ನವರಿಗಂತೂ ಇದರ ಹುಚ್ಚು. ಅಲ್ಲಿ ಬೇಸ್‌ಬಾಲ್ ಪಂದ್ಯದ ನಡುವೆ ಪಿಯೆರೋಗಿ ವೇಷ ತೊಟ್ಟವರು ಮೈದಾನದಲ್ಲಿ ಓಡುತ್ತಾರೆ. ಚಿನ್ನಸ್ವಾಮಿಯಲ್ಲಿ ಮಸಾಲೆದೋಸೆ ವೇಷ ಹಾಕಿ ಯಾರಾದರೂ ಓಡಿದರೆ ನಾನಂತೂ ಟಿಕೆಟ್ ತಗೊಂಡು ಹೋಗ್ತೀನಿ.

ಕಣಕಕ್ಕೆ ಮೈದಾ, ಉಪ್ಪು, ಒಂದು ಚಮಚ ಎಣ್ಣೆ, ಬಿಸಿನೀರು. ಅಲ್ಲಿ ಕೆಲವರು ಮೊಟ್ಟೆ ಹಾಕ್ತಾರೆ. ನಮ್ಮನೆಗೆ ಮೊಟ್ಟೆ ಬರಲ್ಲ, ಆ ಮಾತು ಅಲ್ಲಿಗೇ ಮುಗಿಯಿತು. ಬಿಸಿನೀರು ಮಾತ್ರ ಬೇಕೇ ಬೇಕು. ತಣ್ಣೀರಲ್ಲಿ ಕಲಸಿದ ಹಿಟ್ಟು ಲಟ್ಟಿಸಿದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಬಿಸಿನೀರು ಬಿದ್ದರೆ ಮೈದಾದ ಪಿಷ್ಟ ಅಲ್ಲೇ ಅರೆಬೆಂದು ನೀರು ಹಿಡಿದುಕೊಳ್ಳುತ್ತದೆ, ಜಗ್ಗಾಟ ಕಮ್ಮಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು, ಲಟ್ಟಿಸಿ, ಸ್ಟೀಲ್ ಲೋಟದ ಬಾಯಲ್ಲಿ ಬಿಲ್ಲೆ ಕತ್ತರಿಸಿದೆ.

ಹೂರಣ ಆಲೂಗಡ್ಡೆ, ಪನೀರ್, ಕಂದು ಬಣ್ಣಕ್ಕೆ ಹುರಿದ ಈರುಳ್ಳಿ, ಕರಿಮೆಣಸು. ಪೋಲೆಂಡಿನಲ್ಲಿ ಹಾಕೋದು ತ್ವಾರೂಗ್ ಅನ್ನುವ ಹುಳಿ ಗಿಣ್ಣು. ಹಾಲು ಹುಳಿಯಾಗಿ ಒಡೆದು ಆಗುವ ಗಿಣ್ಣು ಅದು, ಬಿಸಿಗೆ ಕರಗಿ ಹರಿಯಲ್ಲ. ಪನೀರೂ ಹಾಗೇ. ಅದಕ್ಕೇ ನಂದಿನಿ ಪನೀರ್ ಪುಡಿಮಾಡಿ, ಹುಳಿಗೆ ಎರಡು ಚಮಚ ಕಟ್ಟಿದ ಮೊಸರು ಸೇರಿಸಿದೆ. ಮಗಳು ಪಿಜ್ಜಾ ಚೀಸ್ ಹಾಕು ಅಂತ ಹಟ ಹಿಡಿದಳು. ಅದು ಕರಗಿದರೆ ಒಂದು ಸಣ್ಣ ತೂತು ಸಾಕು, ಎಲ್ಲ ಎಣ್ಣೆಪಾಲು. ಒಪ್ಪಲಿಲ್ಲ.

ಆಲೂಗಡ್ಡೆಯನ್ನು ಬಿಸಿ ಇರುವಾಗಲೇ ಸುಲಿದು ಒಡೆದು, ತಟ್ಟೆಯಲ್ಲಿ ಹರವಿ ಹಬೆಯೆಲ್ಲ ಹೋಗಲು ಬಿಡಬೇಕು. ನೀರು ನೀರಾದ ಹೂರಣ ಕರಿಯುವಾಗ ಸೇಡು ತೀರಿಸಿಕೊಳ್ಳುತ್ತದೆ. ಒಂದು ಹನಿ ನೀರು ಹಬೆಯಾದರೆ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ, ಆ ಜಾಗ ಅದಕ್ಕೆ ಎಲ್ಲಿಂದ ಬರಬೇಕು? ಅಂಚು ಬಿಚ್ಚಿಕೊಂಡೇ ಹೋಗುತ್ತದೆ.

ಅಂಚು ಕಟ್ಟೋದು ಅತ್ತೆ ಕೈಗೆ ಬಿಟ್ಟೆ. ಮಡಚಿಟ್ಟರೆ ಥೇಟ್ ಕರ್ಜಿಕಾಯಿ. ವರ್ಷ ವರ್ಷ ಗೌರಿ ಹಬ್ಬಕ್ಕೆ ಮಾಡಿ ಮಾಡಿ ಅವರ ಬೆರಳು ಪಳಗಿವೆ. ಮೊದಲು ಹೂರಣದ ಸುತ್ತ ಹೆಬ್ಬೆರಳಿನಿಂದ ಒತ್ತಿ ಗಾಳಿ ಹೊರಗೆ ಕಳಿಸುತ್ತಾರೆ, ಆಮೇಲೆ ಅಂಚನ್ನು ಪುಟ್ಟ ಪುಟ್ಟ ಮಡಿಕೆ ಮಾಡಿ ಹೆಣೆಯುತ್ತಾರೆ. ಅಂಚಿಗೆ ಹೂರಣದ ಚೂರು ತಾಗಿದ್ದರೆ ಸೆರಗಿನ ತುದಿಯಲ್ಲಿ ಒರೆಸಿಯೇ ಮುಂದಕ್ಕೆ. ಅಲ್ಲಿ ಜಿಡ್ಡಿದ್ದರೆ ಹಿಟ್ಟು ಹಿಟ್ಟಿಗೆ ಕಚ್ಚಲ್ಲ.

ಇಲ್ಲಿವರೆಗೆ ಜಗಳ ಇರಲಿಲ್ಲ. ನಾನು ಪಾತ್ರೆಯಲ್ಲಿ ಉಪ್ಪುನೀರು ಕುದಿಯಲು ಇಟ್ಟಾಗ ಶುರುವಾಯಿತು.

"ಬೇಯಿಸಿದ್ದನ್ನ ಮತ್ತೆ ಕರಿಯೋದು ಯಾವೂರ ಪದ್ಧತಿ ಕಣಮ್ಮ? ಒಳಗಿಂದೆಲ್ಲ ಬೆಂದೇ ಇದೆ. ಹಸೀದೇ ಬಿಡು ಎಣ್ಣೆಗೆ."

"ಹಸಿ ಬಿಟ್ಟರೆ ಅದು ಸಮೋಸಾ ಆಗುತ್ತೆ ಅತ್ತೆ."

"ಆದ್ರೆ ಆಗ್ಲಿ, ಸಮೋಸಾಗೇನು ಬಂದಿದೆ ರೋಗ?"

ಕೊನೆಗೆ ಅರ್ಧ ಅವರ ಲೆಕ್ಕ, ಅರ್ಧ ನನ್ನ ಲೆಕ್ಕ ಅಂತ ಆಯಿತು.

ನನ್ನ ಪಾಲಿನವನ್ನು ಕುದಿಯುವ ನೀರಿಗೆ ಬಿಟ್ಟೆ. ತಳ ಹಿಡಿಯದ ಹಾಗೆ ಒಂದು ಸಲ ಮೆಲ್ಲಗೆ ತಿರುವಿದರೆ ಸಾಕು. ತೇಲಿ ಬಂದ ಮೇಲೆ ಇನ್ನೂ ಎರಡು ನಿಮಿಷ. ತೆಗೆದು ಮಾವನವರ ಹಳೇ ಪಂಚೆ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರವಿ ಫ್ಯಾನ್ ಹಾಕಿದೆ. ಹೊರಗೆ ಆಷಾಢದ ಗಾಳಿ, ತುಂತುರು ಮಳೆ, ಕಿಟಕಿ ತೆಗೆದರೂ ಪ್ರಯೋಜನ ಇಲ್ಲ. ಅವಸರ ಮಾಡಬಾರದ ಘಟ್ಟ ಇದು. ಮೊದಲು ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಮೈಯೆಲ್ಲ ಹೊಳೆಯುತ್ತಿರುತ್ತದೆ. ಹತ್ತು ನಿಮಿಷಕ್ಕೆ ಮಗುಚಿ ಹಾಕಿದೆ. ನಿಧಾನಕ್ಕೆ ಹೊಳಪು ಹೋಗಿ ಮೈ ಮಂಕಾಯಿತು, ಬೆರಳು ಒತ್ತಿದರೆ ಅಂಟದೆ ಬಿಟ್ಟುಕೊಟ್ಟಿತು. ಅಂಚಿನ ಮಡಿಕೆಗಳಲ್ಲಿ ಮಾತ್ರ ಪಸೆ ಉಳಿದಿತ್ತು, ಬಟ್ಟೆ ತುದಿಯಿಂದ ಒತ್ತಿ ಒತ್ತಿ ತೆಗೆದೆ. ಎಣ್ಣೆ ಸಿಡಿಯೋದು ಅಲ್ಲಿಂದಲೇ.

ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಕಮ್ಮಿಯಾದರೆ ಎಣ್ಣೆ ಕುಡಿದು ಭಾರವಾಗುತ್ತವೆ, ಜಾಸ್ತಿಯಾದರೆ ಮೇಲೆ ಕಪ್ಪಾಗಿ ಒಳಗೆ ತಣ್ಣಗೇ ಇರುತ್ತದೆ. ಎಣ್ಣೆ ಅಷ್ಟು ಕಾದು ಫ್ರೈಯರ್ ದೀಪ ಆರಿದ ಮೇಲೇ ಬುಟ್ಟಿ ಇಳಿಸಿದೆ, ಅದೂ ಒಂದೇ ಪದರ. ಬುಟ್ಟಿ ತುಂಬ ಸುರಿದರೆ ಮನೆ ಫ್ರೈಯರ್‌ನ ಹೀಟಿಂಗ್ ಕಾಯಿಲ್ ಎಣ್ಣೆಯನ್ನು ಮತ್ತೆ ಅಷ್ಟು ಬಿಸಿ ಮಾಡೋದರಲ್ಲಿ ಎಲ್ಲ ಮೆತ್ತಗಾಗಿರುತ್ತವೆ. ಫ್ರೋಜನ್ ಆದರೆ ಇನ್ನೂ ಕಮ್ಮಿ ಹಾಕಬೇಕು, ಮೇಲಿನ ಮಂಜಿನ ಹರಳು ಪೂರ್ತಿ ಉದುರಿಸಿರಬೇಕು.

ಇಳಿಸಿದ ಕೂಡಲೇ ಸದ್ದು ಜೋರು, ದೊಡ್ಡ ದೊಡ್ಡ ಗುಳ್ಳೆ. ಒಂದರ ಅಂಚು ಬಿಟ್ಟಿತು. ಸಂದಿಯಿಂದ ಆಲೂಗಡ್ಡೆ ಬಿಳಿ ಎಳೆಯಾಗಿ ಹೊರಗೆ ಬಂದು, ನೋಡ್ತಾ ನೋಡ್ತಾ ಕಂದಾಗಿ, ಚಟ್ ಅಂತ ಸಿಡಿದು ಬುಟ್ಟಿಯ ಕಂಬಿಗೆ ಕಚ್ಚಿಕೊಂಡಿತು. ಆ ಚೂರು ಬಿಟ್ಟರೆ ಮುಂದಿನವಕ್ಕೆಲ್ಲ ಕಹಿ, ಜಾಲರಿ ಸೌಟಲ್ಲಿ ತೆಗೆದೆ. ಮೂರು ನಿಮಿಷ ದಾಟುವಾಗ ಗುಳ್ಳೆ ಸಣ್ಣದಾಯಿತು, ಸದ್ದು ತೆಳುವಾಯಿತು. ಮೇಲಿನ ಪಸೆ ಮುಗಿದಿದೆ ಅಂತ ಅರ್ಥ. ನಾನು ಕೈಗಡಿಯಾರಕ್ಕಿಂತ ಆ ಸದ್ದನ್ನೇ ನಂಬೋದು.

ಎರಡೂ ತಟ್ಟೆ ಮುಂದಿಟ್ಟೆವು. ಹಸಿಯಾಗಿ ಕರಿದದ್ದು ಮೇಲೆಲ್ಲ ಬೊಬ್ಬೆ ಎದ್ದು, ಗರಿಗರಿ, ಒಂದೇ ಕಡಿತಕ್ಕೆ ಪುಡಿ. ಬೇಯಿಸಿ ಕರಿದದ್ದರ ಮೇಲ್ಪದರ ತೆಳ್ಳಗೆ ಗರಿಗರಿ, ಅದರ ಕೆಳಗೆ ಹಲ್ಲಿಗೆ ಎದುರಾಗುವ ಮೆತ್ತನೆ ಕಣಕ, ಆಮೇಲೆ ಹುಳಿ ಹೂರಣ. ನನಗೆ ಎರಡನೆಯದೇ ಪಿಯೆರೋಗಿ. ಮೊದಲನೆಯದು ಕಾಫಿ ಜೊತೆ ಒಳ್ಳೇ ಕುರುಕಲು, ಅದಕ್ಕಿಂತ ಜಾಸ್ತಿ ಏನಲ್ಲ. ಕೆನೆ ಸೇರಿಸಿ ಕಡೆದ ಕಟ್ಟಿದ ಮೊಸರಲ್ಲಿ ಅದ್ದಿ ತಿಂದ ಮೈದುನ ಸುಮ್ನೆ ತಲೆಯಾಡಿಸಿದ. "ಬೆಣ್ಣೇದೇ ಬೇರೆ ಬಿಡಿ" ಅನ್ನೋದನ್ನ ಮಾತ್ರ ಬಿಡಲಿಲ್ಲ. ಅತ್ತೆ ತಮ್ಮ ತಟ್ಟೆಯದನ್ನೇ ತಿಂದರು, ಅದೂ ಚಟ್ನಿಪುಡಿ ಜೊತೆ.

ಎಣ್ಣೆ ವಿಷಯ. ಹಿಟ್ಟುದುರಿದ ಎಣ್ಣೆ ಬೇಗ ಕೆಡುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು, ಅಂದ್ರೆ ಎಣ್ಣೆ ಕಾದು ಕಾದು ಒಡೆದಾಗ ಹುಟ್ಟುವ ಅಂಶಗಳು, ಶೇ. 25 ದಾಟಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ 2018ರಿಂದ ಇದೆ. ಮನೆಯಲ್ಲಿ ಅಳೆಯುವವರು ಯಾರು? ಬಣ್ಣ ಕಪ್ಪಾದರೆ, ನೊರೆ ನಿಂತರೆ, ಕಮಟು ವಾಸನೆ ಬಂದರೆ ನಾನು ಇಟ್ಟುಕೊಳ್ಳಲ್ಲ. ಇವತ್ತಿನದು ಇನ್ನೂ ತಿಳಿಯಾಗಿದೆ, ಬಟ್ಟೆಯಲ್ಲಿ ಸೋಸಿ ಡಬ್ಬಕ್ಕೆ ಹಾಕಿದೆ.

ಮಿಕ್ಕ ಪಿಯೆರೋಗಿಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿ ಫ್ರೀಜರ್‌ಗೆ ಇಟ್ಟಿದ್ದೇನೆ, ಗಟ್ಟಿಯಾದ ಮೇಲೆ ಕವರ್‌ಗೆ. ನಾಳೆ ಬೆಳಿಗ್ಗೆ ಮೈದುನ ತವಾ ಮೇಲೆ ಬೆಣ್ಣೆ ಹಾಕಿ ತಾನೇ ಹುರಿಯುತ್ತಾನಂತೆ. ಪೋಲೆಂಡಿನಲ್ಲಿ ಬೇಸಿಗೆಗೆ ಕಾಡುಹಣ್ಣು ತುಂಬಿದ ಸಿಹಿಯದನ್ನೂ ಮಾಡ್ತಾರೆ ಅಂತ ಅವನು ಹೇಳಿದ್ದೇ ತಡ, ಅತ್ತೆ ಒಂದು ತೆಂಗಿನಕಾಯಿ ಒಡೆದು ತುರಿಯೋಕೆ ಕೂತಿದ್ದಾರೆ. ಬೆಲ್ಲ ಎಷ್ಟಿದೆ ಅಂತ ಕೇಳ್ತಿದ್ದಾರೆ, ನೋಡಬೇಕು.