ಮರಳಿಗೆ ಇಳಿಯುವ ಮುನ್ನ ಗಾಡಿಯಲ್ಲಿ ಇರಬೇಕಾದದ್ದು

ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸುತ್ತಮುತ್ತ ನೆಲೆಸಿರುವ ನಮ್ಮ ಕಡೆಯವರು ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಕೊಂಡರೆ, ಅದನ್ನು ಕಡಲತೀರದ ಮರಳಿನ ಮೇಲೆ ಓಡಿಸಬೇಕೆಂಬ ಆಸೆ ಬಹುಬೇಗ ಹುಟ್ಟುತ್ತದೆ. ಊರಿನಿಂದ ಅಪ್ಪ ಅಮ್ಮನೋ ಅಣ್ಣ ಅತ್ತಿಗೆಯೋ ಬರುವ ಕಾಲಕ್ಕೆ ಆ ಆಸೆ ಇನ್ನಷ್ಟು ಬಲಿಯುತ್ತದೆ. ನಮ್ಮ ಕರಾವಳಿಯಲ್ಲಿ ವಾಹನವನ್ನು ಮರಳಿಗೆ ಇಳಿಸುವ ರೂಢಿ ಇಲ್ಲವಾದ್ದರಿಂದ ಊರಿನವರಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿಂದ ಉತ್ತರಕ್ಕಿರುವ ಗರಿ ದ್ವೀಪವು, ಅಂದರೆ 2023ರವರೆಗೆ ಫ್ರೇಜರ್ ಐಲ್ಯಾಂಡ್ ಎಂಬ ಹೆಸರು ಹೊತ್ತಿದ್ದ ದ್ವೀಪವು, ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. ಅದರ ಪೂರ್ವ ದಂಡೆಯುದ್ದಕ್ಕೂ ಚಾಚಿರುವ ಸೆವೆಂಟಿಫೈವ್ ಮೈಲ್ ಬೀಚ್ ಕಾನೂನಿನ ಕಣ್ಣಿನಲ್ಲಿ ರಸ್ತೆಯೇ ಆಗಿದೆ. ಅಲ್ಲಿ ಗಂಟೆಗೆ 80 ಕಿಲೋಮೀಟರಿನ ವೇಗಮಿತಿ ಇದೆ, ಸೀಟ್ ಬೆಲ್ಟ್ ಕಡ್ಡಾಯ, ಸಣ್ಣ ವಿಮಾನಗಳು ಕೂಡ ಅದೇ ಮರಳಿನ ಮೇಲೆ ಇಳಿಯುತ್ತವೆ. ಗಾಡಿಯನ್ನು ಒಯ್ಯಲು ಕ್ವೀನ್ಸ್‌ಲ್ಯಾಂಡಿನ ಉದ್ಯಾನ ಇಲಾಖೆಯಿಂದ ಮುಂಚಿತವಾಗಿ ಪರ್ಮಿಟ್ ಪಡೆದಿರಬೇಕು.

ಹೊಸಬರು ಸಾಮಾನ್ಯವಾಗಿ ಅಂಗಡಿಯಲ್ಲಿ ಕಣ್ಣಿಗೆ ಕಾಣುವ ವಸ್ತುಗಳಿಗೆ ಮೊದಲು ಹಣ ಸುರಿಯುತ್ತಾರೆ. ಛಾವಣಿಯ ಮೇಲಿನ ದೀಪದ ಸಾಲು, ಗಾಡಿಯನ್ನು ಎತ್ತರಿಸುವ ಸ್ಪ್ರಿಂಗುಗಳು, ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆದುಕೊಳ್ಳಲು ಮುಂಬದಿಗೆ ಕೂರಿಸುವ ವಿಂಚು ಎಂಬ ಯಂತ್ರ, ಇವೆಲ್ಲ ಆಕರ್ಷಕವಾಗಿವೆ ನಿಜ. ಆದರೆ ಕಡಲತೀರದಲ್ಲಿ ವಿಂಚಿನ ಹಗ್ಗವನ್ನು ಬಿಗಿಯಲು ಮರವೇ ಇರುವುದಿಲ್ಲ, ರಾತ್ರಿ ಮರಳಿನ ಮೇಲೆ ಓಡಿಸುವುದು ಹೊಸಬರ ಕೆಲಸವೂ ಅಲ್ಲ. ನನ್ನ ದೃಢವಾದ ಅಭಿಪ್ರಾಯವೇನೆಂದರೆ, ಮೊದಲ ಹಣ ಹೋಗಬೇಕಾದದ್ದು ಟೈರಿನ ಗಾಳಿಗೆ. ಎಂದರೆ ಗಾಳಿಯ ಒತ್ತಡ ಅಳೆಯುವ, ನಂಬಿಕೆಗೆ ಅರ್ಹವಾದ ಒಂದು ಗೇಜು, ಗಾಳಿ ಇಳಿಸುವ ಒಂದು ಸಣ್ಣ ಸಾಧನ ಮತ್ತು ಮತ್ತೆ ಗಾಳಿ ತುಂಬಲು ಗಟ್ಟಿಯಾದ ಒಂದು ಕಂಪ್ರೆಸರಿಗೆ. ಈ ಮೂರು ಇಲ್ಲದೆ ಹೊರಟ ಗಾಡಿ ಎಷ್ಟೇ ದುಬಾರಿಯದಾಗಿದ್ದರೂ ಮೆತ್ತನೆಯ ಮರಳಿನಲ್ಲಿ ಹೂತುಕೊಳ್ಳುವ ಸಂಭವವೇ ಹೆಚ್ಚು.

ಇದರ ಕಾರಣ ಸರಳವಾಗಿದೆ. ಡಾಂಬರಿನ ಮೇಲೆ 36 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿ ಗಾಳಿ ತುಂಬಿಕೊಂಡು ಬಿಗಿಯಾಗಿರುವ ಟೈರು ನೆಲವನ್ನು ಸ್ವಲ್ಪ ಜಾಗದಲ್ಲಿ ಮಾತ್ರ ಮುಟ್ಟುತ್ತದೆ. ಗಾಡಿಯ ಅಷ್ಟೂ ಭಾರ ಆ ಸ್ವಲ್ಪ ಜಾಗದ ಮೇಲೆ ಬೀಳುವುದರಿಂದ ಚಕ್ರ ಮರಳನ್ನು ಕೊರೆದುಕೊಂಡು ಕೆಳಗಿಳಿಯುತ್ತದೆ. ಗಾಳಿಯನ್ನು 18ರಿಂದ 20 ಪಿಎಸ್ಐವರೆಗೆ ಇಳಿಸಿದಾಗ ಟೈರಿನ ತಳ ಮುಖ್ಯವಾಗಿ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ಮರಳಿನ ಮೇಲೆಯೇ ನಿಲ್ಲುತ್ತದೆ. ಕೆಸರುಗದ್ದೆಯಲ್ಲಿ ಹಿಮ್ಮಡಿ ಊರಿದವನ ಕಾಲು ಹೂತುಹೋಗುವುದನ್ನೂ ಅಂಗಾಲನ್ನು ಪೂರ್ತಿ ಊರಿದವನು ದಾಟಿಹೋಗುವುದನ್ನೂ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗರಿ ದ್ವೀಪಕ್ಕೆ ಬಾರ್ಜ್, ಅಂದರೆ ಗಾಡಿಗಳನ್ನು ಸಾಗಿಸುವ ದೋಣಿ, ಹೊರಡುವ ಇನ್‌ಸ್ಕಿಪ್ ಪಾಯಿಂಟಿನಲ್ಲಿ ದೋಣಿಯ ಬಳಿಗೆ ಹೋಗುವ ದಾರಿಯೇ ಸಡಿಲ ಮರಳಾದ್ದರಿಂದ, ಈ ಕೆಲಸವನ್ನು ಅದಕ್ಕೂ ಮೊದಲೇ, ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿಕೊಂಡು ಮಾಡಬೇಕು. ವಾಲ್ವಿನ ಮುಚ್ಚಳಗಳನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳಿ, ನೆಲದ ಮೇಲಿಟ್ಟರೆ ಅವು ಮರಳಿನಲ್ಲಿ ಮಾಯವಾಗುತ್ತವೆ. ಸಾಧನವನ್ನು ತಿರುಗಿಸಿ ಕೂರಿಸಿದೊಡನೆ ಗಾಳಿ ಬುಸುಗುಡುತ್ತಾ ಹೊರಬರುತ್ತದೆ. ರಿಮ್ಮಿನ ಕೆಳಗೆ ಟೈರಿನ ಪಕ್ಕೆ ಮೆಲ್ಲಗೆ ಉಬ್ಬುವುದು ಕಣ್ಣಿಗೆ ಕಾಣುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿ ಬಿಸಿಯಾಗಿರುವ ಟೈರು ನಿಜಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ, ತಣ್ಣಗಾದ ಮೇಲೆ ಅದು ಇನ್ನೂ ಇಳಿಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಗಾಳಿ ಇಳಿದಿರುವಾಗ ಜೋರಾಗಿ ಓಡಿಸಿ ಥಟ್ಟನೆ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು.

ಕಂಪ್ರೆಸರಿನ ಮಹತ್ವ ಗೊತ್ತಾಗುವುದು ಹಿಂದಿರುಗುವಾಗ. ಅರೆಗಾಳಿಯ ಟೈರಿನಲ್ಲಿ ಹೆದ್ದಾರಿಗೆ ಏರಿದರೆ ಅದರ ಪಕ್ಕೆಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾಯುತ್ತವೆ, ಕೊನೆಗೆ ಸಿಡಿಯಲೂಬಹುದು. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಪಂಪು ದೊಡ್ಡ ಟೈರುಗಳನ್ನು ತುಂಬುವ ಹೊತ್ತಿಗೆ ಬಿಸಿಯಾಗಿ ನಿಂತುಬಿಡುತ್ತದೆ. ಬ್ಯಾಟರಿಗೇ ನೇರವಾಗಿ ಕ್ಲಿಪ್ ಹಾಕುವ ಬಗೆಯದನ್ನೇ ಕೊಳ್ಳಿ, ಈ ಒಂದರಲ್ಲಿ ಜಿಪುಣತನ ಬೇಡ.

ಎರಡನೆಯ ಹಂತ ಸಲಿಕೆಯದು ಮತ್ತು ಮರಳಿನ ಹಲಗೆಗಳದು. ಕಿತ್ತಳೆ ಬಣ್ಣದ, ಮೈತುಂಬ ಹಲ್ಲುಗಳಿರುವ ಪ್ಲಾಸ್ಟಿಕ್ಕಿನ ಈ ಉದ್ದ ಹಲಗೆಗಳನ್ನು ಇಲ್ಲಿನ ಗಾಡಿಗಳ ಮೇಲೆ ಕಟ್ಟಿರುವುದನ್ನು ಕಾಣುತ್ತೀರಿ. ಹೆಸರುವಾಸಿಯಾದ ಮ್ಯಾಕ್ಸ್‌ಟ್ರ್ಯಾಕ್ಸ್ ಬ್ರಿಸ್ಬೇನಿನದೇ. ಗಾಡಿ ಮುಂದೆ ಹೋಗುತ್ತಿಲ್ಲ ಎಂದು ಅನಿಸಿದ ಕೂಡಲೇ ಕಾಲನ್ನು ಆಕ್ಸಿಲರೇಟರಿನಿಂದ ತೆಗೆಯಬೇಕು, ಏಕೆಂದರೆ ಅಲ್ಲಿಂದಾಚೆ ತಿರುಗುವ ಚಕ್ರ ಗುಂಡಿಯನ್ನು ಮಾತ್ರ ತೋಡುತ್ತದೆ. ಕೆಳಗಿಳಿದು ಬಗ್ಗಿ ನೋಡಿ. ಗಾಡಿಯ ತಳ ಮರಳಿಗೆ ಒರಗಿದ್ದರೆ ಉದ್ದ ಹಿಡಿಯ ಸಲಿಕೆಯಿಂದ ಅಲ್ಲಿನ ಮರಳನ್ನು ಮೊದಲು ತೆಗೆದು, ನಂತರ ನಾಲ್ಕೂ ಚಕ್ರಗಳ ಮುಂದೆ ಇಳಿಜಾರಿನಂತೆ ಬಿಡಿಸಿ, ಗಾಳಿಯನ್ನು 15 ಪಿಎಸ್ಐಗೆ ಇಳಿಸಿ. ಅನೇಕ ಸಲ ಇಷ್ಟರಲ್ಲೇ ಗಾಡಿ ಹೊರಬರುತ್ತದೆ. ಬಾರದಿದ್ದರೆ ಹಲಗೆಯ ತುದಿಯನ್ನು ಟೈರಿನ ಬುಡಕ್ಕೆ ಒತ್ತಿ ಕೂರಿಸಿ, ಲೋ ರೇಂಜಿನಲ್ಲಿ, ಅಂದರೆ ವೇಗ ಕಡಿಮೆಯಾಗಿ ಎಳೆತ ಹೆಚ್ಚಿರುವ ಗೇರಿನಲ್ಲಿ, ಮೆಲ್ಲಗೆ ಏರಿಸಬೇಕು. ಚಕ್ರ ಅದರ ಮೇಲೆ ಗಿರ್ರನೆ ತಿರುಗಿದರೆ ಘರ್ಷಣೆಗೆ ಹಲ್ಲುಗಳು ಕರಗಿಹೋಗುತ್ತವೆ, ಹಲಗೆ ಹಿಂದಕ್ಕೆ ಚಿಮ್ಮುವುದೂ ಉಂಟು; ಆದ್ದರಿಂದ ಮಕ್ಕಳನ್ನು ಗಾಡಿಯ ಹಿಂದೆ ನಿಲ್ಲಿಸಬೇಡಿ. ಪಂಚರಾದರೆ ಜಾಕು ಮರಳಿನಲ್ಲಿ ಇಳಿಯದಂತೆ ಅದರ ಅಡಿಗಿಡಲು ದಪ್ಪ ಮರದ ತುಂಡೊಂದು ಡಿಕ್ಕಿಯಲ್ಲಿರಲಿ.

ಸ್ನ್ಯಾಚ್ ಸ್ಟ್ರ್ಯಾಪ್ ಎಂಬ ಎಳೆಯುವ ಪಟ್ಟಿಯ ಬಗ್ಗೆ ಎಚ್ಚರಿಕೆಯಿಂದಲೇ ಬರೆಯಬೇಕಾಗಿದೆ. ಇದು ಸಾಮಾನ್ಯ ಹಗ್ಗವಲ್ಲ. ಎಳೆದಾಗ ಹಿಗ್ಗಿ, ಹಾಗೆ ಹಿಗ್ಗಿದ ಬಲದಿಂದಲೇ ಹೂತ ಗಾಡಿಯನ್ನು ಕಿತ್ತು ತೆಗೆಯುವಂತೆ ಇದನ್ನು ನೇಯ್ದಿರುತ್ತಾರೆ, ಹೀಗಾಗಿ ಜೋಡಣೆಯಲ್ಲಿ ಯಾವುದಾದರೂ ಮುರಿದರೆ ಅಷ್ಟೂ ಬಲ ಮುರಿದ ಕಬ್ಬಿಣದ ತುಂಡಿಗೆ ಹೋಗುತ್ತದೆ. ಟ್ರೇಲರ್ ಸಿಕ್ಕಿಸುವ ಟೋ ಬಾಲಿಗೆ ಪಟ್ಟಿ ಹಾಕಿ ಎಳೆದು, ಅದು ಮುರಿದು ಹಾರಿ ಬಂದು ಜನರು ಸತ್ತ ಘಟನೆಗಳು ಈ ದೇಶದಲ್ಲಿ ನಡೆದಿವೆ. ಹಡಗಿನಲ್ಲಿ ಸಾಗಿಸುವಾಗ ಕಟ್ಟಲೆಂದು ಗಾಡಿಯ ಅಡಿಯಲ್ಲಿ ಕೊಟ್ಟಿರುವ ಬಳೆಗಳೂ ಈ ಕೆಲಸಕ್ಕಲ್ಲ. ಎಳೆಯಲೆಂದೇ ಸಾಮರ್ಥ್ಯ ನಮೂದಿಸಿ ತಯಾರಿಸಿದ ಕೊಕ್ಕೆಗಳನ್ನು ಷಾಸಿಗೆ ಕೂರಿಸಿಕೊಳ್ಳಬೇಕು, ಪಟ್ಟಿಯನ್ನು ಕೊಕ್ಕೆಗೆ ಜೋಡಿಸುವ ಶ್ಯಾಕಲ್ ಎಂಬ ಕೊಂಡಿಯ ಮೇಲೆ ಅದರ ಭಾರಮಿತಿ ಅಚ್ಚಾಗಿರಬೇಕು, ಪಟ್ಟಿಯ ಬಲ ಎರಡು ಗಾಡಿಗಳಲ್ಲಿ ಹಗುರವಾದುದರ ಸಾಮಾನು ಸಹಿತ ಗರಿಷ್ಠ ತೂಕದ ಎರಡರಿಂದ ಮೂರು ಪಟ್ಟು ಇರಬೇಕು. ಪಟ್ಟಿಯ ನಡುವೆ ಭಾರದ ಹೊದಿಕೆ ಹಾಕಿ, ನೋಡುವವರನ್ನು ಪಟ್ಟಿಯ ಉದ್ದಕ್ಕಿಂತ ಬಹಳ ದೂರಕ್ಕೆ ಕಳುಹಿಸಿ. ತರಬೇತಿ ಪಡೆಯುವವರೆಗೆ ಪಟ್ಟಿ ನಿಮ್ಮ ಗಾಡಿಯಲ್ಲಿರಲಿ, ಕಟ್ಟಿ ಎಳೆಯುವ ಕೆಲಸ ಬಲ್ಲವರ ಕೈಯಲ್ಲಿರಲಿ.

ದ್ವೀಪದ ಹಲವೆಡೆ ಮೊಬೈಲ್ ಸಿಗ್ನಲ್ ಸಿಗದು. ಕೈಯಲ್ಲಿ ಹಿಡಿಯುವ ಯುಎಚ್ಎಫ್ ರೇಡಿಯೋ ಸಾಕಷ್ಟು ಉಪಯೋಗಕ್ಕೆ ಬರುತ್ತದೆ, ಅದರ 5 ಮತ್ತು 35ನೆಯ ಚಾನಲ್ಲುಗಳು ತುರ್ತು ಕರೆಗೆಂದೇ ಮೀಸಲು. ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹಾವು ಕಚ್ಚಿದರೆ ಬಿಗಿಯಲು ಅಗಲವಾದ ಬ್ಯಾಂಡೇಜು ಇರಲೇಬೇಕು. ದ್ವೀಪದಲ್ಲಿ ಡಿಂಗೊ ಎಂಬ ಕಾಡುನಾಯಿಗಳಿರುವುದರಿಂದ ಚಿತ್ರಾನ್ನ, ಚಪಾತಿಯ ಡಬ್ಬಿಗಳನ್ನು ಗಾಡಿಯೊಳಗೇ ಮುಚ್ಚಿಡಿ.

ಹಣ ಕೊಡದೆ ಸಿಗುವ ಉಬ್ಬರವಿಳಿತದ ಪಟ್ಟಿಯನ್ನು ನಾನು ಸಲಿಕೆಗಿಂತಲೂ ಮೇಲೆ ಇಡುತ್ತೇನೆ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮೊದಲು ಮತ್ತು ಎರಡು ಗಂಟೆ ನಂತರದ ಅವಧಿಯಲ್ಲಿ ಒದ್ದೆಯಾದ ಗಟ್ಟಿ ಮರಳು ಅಗಲವಾಗಿ ಸಿಗುತ್ತದೆ. ಉಬ್ಬರದ ವೇಳೆ ಅದು ನೀರಿನಡಿ ಸೇರಿ, ಮೇಲಿನ ಸಡಿಲ ಮರಳು ಮಾತ್ರ ಉಳಿಯುತ್ತದೆ. ಅಲ್ಲಿ ಸಿಕ್ಕಿಕೊಂಡ ಗಾಡಿಯನ್ನು ಅಲೆಗಳು ಎಂಜಿನ್ ಸಹಿತ ಹಾಳುಮಾಡಬಲ್ಲವು. ಆದ್ದರಿಂದ ಬಾರ್ಜಿನ ಸಮಯ, ಊಟದ ಸಮಯ, ಹೊರಡುವ ಸಮಯ ಎಲ್ಲವನ್ನೂ ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಗೊತ್ತುಮಾಡಬೇಕು. ಮನೆಗೆ ಬಂದ ಮೇಲೆ ಗಾಡಿಯ ತಳವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯದಿದ್ದರೆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ.

ಊರಿನಿಂದ ಬಂದು ಬಾಡಿಗೆ ಗಾಡಿಯಲ್ಲಿ ಹೋಗಬೇಕೆಂದಿರುವವರು ಕರಾರುಪತ್ರವನ್ನು ಮೊದಲು ಓದಬೇಕು. ಸಾಮಾನ್ಯ ಬಾಡಿಗೆ ಕರಾರುಗಳಲ್ಲಿ ಮರಳಿನ ಮೇಲೆ ಓಡಿಸಲು ಅನುಮತಿ ಇರುವುದಿಲ್ಲ, ಅಲ್ಲಿ ಆದ ಹಾನಿಗೆ ವಿಮೆಯೂ ಸಿಗುವುದಿಲ್ಲ. ದ್ವೀಪಕ್ಕೆಂದೇ ಸಜ್ಜುಗೊಳಿಸಿದ ಗಾಡಿಗಳನ್ನು ಕೊಡುವವರು ಬೇರೆ ಇದ್ದಾರೆ. ಅವರಿಂದ ಪಡೆಯುವಾಗಲೂ ಗೇಜು, ಕಂಪ್ರೆಸರ್, ಸಲಿಕೆ, ಹಲಗೆಗಳು ಗಾಡಿಯಲ್ಲಿವೆಯೇ ಎಂದು ಹಿಂಬಾಗಿಲು ತೆರೆದು ಕಣ್ಣಾರೆ ನೋಡಿಕೊಂಡು, ಕಂಪ್ರೆಸರನ್ನು ಒಮ್ಮೆ ಚಾಲೂ ಮಾಡಿಸಿ, ಆನಂತರವೇ ಸಹಿ ಹಾಕಿ.